ಚಾದರ್ ಚಾರಣ

ಚಾದರ್ ಚಾರಣವು ಲಡಾಖ್ ಕೇಂದ್ರಾಡಳಿತ ಪ್ರದೇಶದಲ್ಲಿ, ಚಳಿಗಾಲದಲ್ಲಿ ಹೆಪ್ಪುಗಟ್ಟುವ ಝನ್ಸ್ಕಾರ್ ನದಿಯ ಮೇಲೆ ಕೈಗೊಳ್ಳುವ ಕಾಲ್ನಡಿಗೆಯ ಪ್ರಯಾಣವಾಗಿದೆ. ಸಾಮಾನ್ಯವಾಗಿ ಜನವರಿ ತಿಂಗಳ ಮಧ್ಯಭಾಗದಿಂದ ಫೆಬ್ರವರಿ ತಿಂಗಳ ಮಧ್ಯಭಾಗದವರೆಗೆ ಈ ಮಾರ್ಗವು ನಡೆಯಲು ಯೋಗ್ಯವಾಗಿರುತ್ತದೆ. ಇಂದು ಇದು ಭಾರತದ ಪ್ರಸಿದ್ಧ ಸಾಹಸ ಪ್ರವಾಸಗಳಲ್ಲಿ ಒಂದೆಂದು ಹೆಸರಾಗಿದೆ. ಆದರೆ ಮೂಲತಃ ಇದು ಸಾಹಸಕ್ಕಾಗಿ ಹುಟ್ಟಿದ ದಾರಿಯಲ್ಲ. ಹಿಮದಿಂದ ಸುತ್ತುವರಿದ ಝನ್ಸ್ಕಾರ್ ಕಣಿವೆಯ ನಿವಾಸಿಗಳಿಗೆ ಚಳಿಗಾಲದಲ್ಲಿ ಹೊರಜಗತ್ತನ್ನು ತಲುಪಲು ಇದ್ದ ಮುಖ್ಯ ದಾರಿಯೇ ಇದಾಗಿತ್ತು.

ಹೆಸರು

‘ಚಾದರ್’ ಎಂಬುದು ಪಾರಸಿ ಮೂಲದ ಪದ. ಹಾಸು, ಹೊದಿಕೆ ಎಂಬ ಅರ್ಥದಲ್ಲಿ ಹಿಂದಿ ಮತ್ತು ಉರ್ದು ಭಾಷೆಗಳಲ್ಲಿ ಬಳಕೆಯಲ್ಲಿದೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಹೊದೆಯುವ ‘ಚಾದರ’ವೂ ಇದೇ ಪದ. ನದಿಯ ಮೇಲೆ ಹರಡಿಕೊಳ್ಳುವ ಮಂಜುಗಡ್ಡೆಯ ಹಾಸನ್ನು ಈ ಹೆಸರಿನಿಂದ ಕರೆಯಲಾಗಿದೆ. ಹೆಸರು ಅನ್ವರ್ಥಕವೇ ಆಗಿದೆ, ಏಕೆಂದರೆ ಹೊದಿಕೆಯ ಕೆಳಗೆ ನದಿಯು ಚಳಿಗಾಲದುದ್ದಕ್ಕೂ ಹರಿಯುತ್ತಲೇ ಇರುತ್ತದೆ. ‘ಹೆಪ್ಪುಗಟ್ಟಿದ ನದಿ’ ಎಂಬ ರೂಢಿಯ ಮಾತು ಅರ್ಧ ಸತ್ಯವಷ್ಟೇ. ಹೆಪ್ಪುಗಟ್ಟುವುದು ನದಿಯ ಮೇಲ್ಮೈ ಮಾತ್ರ, ಅದೂ ಎಲ್ಲ ಕಡೆ ಸಮಾನವಾಗಿ ಅಲ್ಲ.

ಭೌಗೋಳಿಕ ಹಿನ್ನೆಲೆ

ಝನ್ಸ್ಕಾರ್ ಕಣಿವೆಯು ದಕ್ಷಿಣದಲ್ಲಿ ಹಿಮಾಲಯದ ಮುಖ್ಯ ಶ್ರೇಣಿ ಮತ್ತು ಉತ್ತರದಲ್ಲಿ ಝನ್ಸ್ಕಾರ್ ಶ್ರೇಣಿ ಇವೆರಡರ ನಡುವೆ ಇದೆ. ಇಲ್ಲಿನ ಮುಖ್ಯ ಊರು ಪದುಮ್, ಸಮುದ್ರ ಮಟ್ಟದಿಂದ ಸುಮಾರು 3,600 ಮೀಟರ್ ಎತ್ತರದಲ್ಲಿದೆ. 2011ರ ಜನಗಣತಿಯ ಪ್ರಕಾರ ಈ ಪ್ರದೇಶದ ಜನಸಂಖ್ಯೆ ಸುಮಾರು 14 ಸಾವಿರ. ಬಹುಪಾಲು ಜನರು ಬೌದ್ಧರು. ಬಾರ್ಲಿ, ಬಟಾಣಿಗಳ ಬೇಸಾಯ ಮತ್ತು ಪಶುಪಾಲನೆ ಅವರ ಪರಂಪರಾಗತ ಜೀವನಾಧಾರಗಳು.

ಪೆನ್ಸಿ ಲಾ ಕಣಿವೆದಾರಿಯ ಬಳಿಯ ದ್ರಾಂಗ್-ದ್ರುಂಗ್ ಹಿಮನದಿಯಲ್ಲಿ ಹುಟ್ಟುವ ದೋದಾ ಹಾಗೂ ಆಗ್ನೇಯ ದಿಕ್ಕಿನಿಂದ ಹರಿದು ಬರುವ ಲುಂಗ್‌ನಾಕ್ ಎಂಬ ಎರಡು ಕವಲುಗಳು ಪದುಮ್ ಸಮೀಪ ಕೂಡಿ ಝನ್ಸ್ಕಾರ್ ನದಿಯಾಗುತ್ತವೆ. ಲುಂಗ್‌ನಾಕ್ ಕವಲಿನ ಮೇಲ್ಭಾಗಕ್ಕೆ ತ್ಸಾರಾಪ್ ಎಂಬ ಹೆಸರೂ ಇದೆ. ಕೂಡಿದ ನದಿಯು ಅಲ್ಲಿಂದ ಉತ್ತರಾಭಿಮುಖವಾಗಿ ತಿರುಗಿ, ಝನ್ಸ್ಕಾರ್ ಶ್ರೇಣಿಯನ್ನೇ ಸೀಳಿಕೊಂಡು ಹರಿದು, ಲೇಹ್ ಪಟ್ಟಣದಿಂದ ಸುಮಾರು 35 ಕಿ.ಮೀ. ದೂರದ ನಿಮ್ಮು ಎಂಬಲ್ಲಿ ಸಿಂಧೂ ನದಿಯನ್ನು ಸೇರುತ್ತದೆ. ಶ್ರೇಣಿಯನ್ನು ಸೀಳುವ ಭಾಗವೇ ಝನ್ಸ್ಕಾರ್ ಕಮರಿ. ಇದರ ಬಂಡೆಗೋಡೆಗಳು ಕೆಲವೆಡೆ 600 ಮೀಟರ್‌ಗಳಷ್ಟು ಎತ್ತರವಿದ್ದು, ನದಿಯ ಅಗಲವು ಕೆಲವೆಡೆ ಐದು ಮೀಟರ್‌ಗಳಿಗೆ ಇಳಿಯುತ್ತದೆ.

ಚಾದರ್ ದಾರಿಯ ಮಹತ್ವವನ್ನು ಅರಿಯಲು ಈ ಭೂರಚನೆಯನ್ನು ಗಮನಿಸಬೇಕು. ಬೇಸಿಗೆಯಲ್ಲಿ ಕಮರಿಯ ತಳದಲ್ಲಿ ನಡೆಯಲು ಸ್ಥಳವೇ ಇರುವುದಿಲ್ಲ. ಹಿಮ ಕರಗಿದ ನೀರು ಗೋಡೆಯಿಂದ ಗೋಡೆಗೆ ತುಂಬಿ ರಭಸದಿಂದ ಹರಿಯುತ್ತದೆ. ಆಗ ಪ್ರಯಾಣಿಕರು ಮೇಲಿನ ಕಣಿವೆದಾರಿಗಳನ್ನು ಹತ್ತಿ ಇಳಿದು ಸಾಗುತ್ತಾರೆ. ಚಳಿಗಾಲದಲ್ಲಿ ಆ ಕಣಿವೆದಾರಿಗಳು ಆಳವಾದ ಹಿಮದಲ್ಲಿ ಹೂತುಹೋಗುತ್ತವೆ. ಕಾರ್ಗಿಲ್‌ನಿಂದ ಪದುಮ್‌ಗೆ 1980ರ ಹೊತ್ತಿಗೆ ತೆರೆದ ಸುಮಾರು 240 ಕಿ.ಮೀ. ಉದ್ದದ ರಸ್ತೆಯೂ 4,400 ಮೀಟರ್ ಎತ್ತರದ ಪೆನ್ಸಿ ಲಾವನ್ನು ದಾಟಬೇಕಾಗಿರುವುದರಿಂದ ಚಳಿಗಾಲದಲ್ಲಿ ತಿಂಗಳುಗಟ್ಟಲೆ ಮುಚ್ಚಿರುತ್ತಿತ್ತು. ಮೇಲಿನ ದಾರಿಗಳೆಲ್ಲ ಮುಚ್ಚಿದಾಗಲೇ ಕೆಳಗಿನ ನದಿಯು ದಾರಿಯಾಗಿ ತೆರೆದುಕೊಳ್ಳುತ್ತದೆ.

ಮಂಜುಗಡ್ಡೆ ಕಟ್ಟುವ ಬಗೆ

ನಿಂತ ನೀರಿನ ಕೆರೆಯು ಹೆಪ್ಪುಗಟ್ಟುವಂತೆ ಹರಿಯುವ ನದಿಯು ಹೆಪ್ಪುಗಟ್ಟುವುದಿಲ್ಲ. ಡಿಸೆಂಬರ್ ತಿಂಗಳಲ್ಲಿ ಹಿಮನದಿಗಳ ಕರಗುವಿಕೆ ನಿಂತು ನೀರಿನ ಪ್ರಮಾಣವು ತೀರಾ ಕಡಿಮೆಯಾಗುತ್ತದೆ. ಮೊದಲು ದಡದ ಅಂಚಿನಲ್ಲಿ, ನೀರಿನ ಓಟ ನಿಧಾನವಾಗಿರುವಲ್ಲಿ, ಮಂಜುಗಡ್ಡೆಯ ಕಟ್ಟೆ ಬೆಳೆಯುತ್ತದೆ. ನಡುಧಾರೆಯಲ್ಲಿ ನೀರು ಕದಡುತ್ತಿರುವುದರಿಂದ ಅಲ್ಲಿ ಗಟ್ಟಿ ಪದರ ಕಟ್ಟದೆ, ಸೂಕ್ಷ್ಮವಾದ ಹರಳುಗಳು ಹುಟ್ಟಿ ಗಂಜಿಯಂತೆ ತೇಲಿಬರುತ್ತವೆ. ಈ ಹರಳುಗಳ ಮುದ್ದೆಗಳು ತಿರುವುಗಳಲ್ಲಿಯೂ ಇಕ್ಕಟ್ಟಾದ ಕಡೆಗಳಲ್ಲಿಯೂ ಸಿಕ್ಕಿಕೊಂಡು ಒಂದಕ್ಕೊಂದು ಅಂಟಿ ಬಿಗಿಯುತ್ತವೆ. ಹೀಗೆ ಅಂಚಿನ ಕಟ್ಟೆ ಮತ್ತು ನಡುವಿನ ಮುದ್ದೆಗಳು ಬೆಸೆದು ಹಾಸು ಸಿದ್ಧವಾಗುತ್ತದೆ.

ಈ ಹಾಸು ದಿನದಿಂದ ದಿನಕ್ಕೆ ಬದಲಾಗುತ್ತದೆ. ಆಕಾಶ ನಿರ್ಮಲವಾಗಿದ್ದು ಚಳಿ ಬಿಗಿಯಾಗಿರುವ ರಾತ್ರಿಗಳಲ್ಲಿ ಅದು ಗಟ್ಟಿಯಾಗುತ್ತದೆ. ಮೋಡ ಮುಸುಕಿದ ದಿನಗಳಲ್ಲಿ ಉಷ್ಣತೆ ಏರಿ ಸಡಿಲಗೊಳ್ಳುತ್ತದೆ. ಹೊಸ ಹಿಮವು ಬೀಳುವುದು ಒಳ್ಳೆಯ ಲಕ್ಷಣವೆಂದು ಬಯಲುಸೀಮೆಯವರು ಭಾವಿಸಬಹುದು, ವಾಸ್ತವವಾಗಿ ಅದು ಎರಡು ಬಗೆಯಲ್ಲಿ ತೊಂದರೆ ತರುತ್ತದೆ. ಸಡಿಲ ಹಿಮವು ಕಂಬಳಿಯಂತೆ ಮೇಲೆ ಕುಳಿತು ಚಳಿ ಕೆಳಗಿಳಿಯದಂತೆ ತಡೆಯುತ್ತದೆ, ಜೊತೆಗೆ ಕೆಳಗಿನ ತೆಳುವಾದ ಮಂಜುಗಡ್ಡೆಯನ್ನು ಕಣ್ಣಿಗೆ ಕಾಣದಂತೆ ಮರೆಮಾಡುತ್ತದೆ. ಮುಂದೆ ಎಲ್ಲಿಯೋ ಮಂಜುಗಡ್ಡೆ ಕಟ್ಟಿಕೊಂಡು ನೀರಿಗೆ ಅಡ್ಡವಾದರೆ, ಹಿಂದೆ ನಿಂತ ನೀರು ಉಕ್ಕಿ ಹಾಸಿನ ಮೇಲೆಯೇ ಹರಿಯತೊಡಗುತ್ತದೆ. ಆಗ ಪಾದದಿಂದ ಮೊಣಕಾಲಿನವರೆಗಿನ ಕೊರೆಯುವ ನೀರಿನಲ್ಲಿ ನಡೆಯಬೇಕಾಗುತ್ತದೆ. ಇದಕ್ಕಾಗಿಯೇ ಇಲ್ಲಿ ಬೆಲೆಬಾಳುವ ಪರ್ವತಾರೋಹಣದ ಬೂಟುಗಳಿಗಿಂತ ಸಾಧಾರಣ ರಬ್ಬರ್ ಗಂಬೂಟುಗಳಿಗೆ ಹೆಚ್ಚಿನ ಬೆಲೆ.

ಹಾಸಿನ ಗುಣವನ್ನು ಸ್ಥಳೀಯರು ಬಣ್ಣ, ಶಬ್ದ ಮತ್ತು ಕೋಲಿನ ಪೆಟ್ಟಿನಿಂದ ತಿಳಿಯುತ್ತಾರೆ. ಗುಂಪಿನ ಮುಂದೆ ನಡೆಯುವವನು ಹೆಜ್ಜೆಹೆಜ್ಜೆಗೂ ಕೋಲಿನಿಂದ ಕುಟ್ಟುತ್ತಾ ಸಾಗುತ್ತಾನೆ. ಕೆಳಗೆ ನೀರಿನ ಮಟ್ಟ ಇಳಿದು ಟೊಳ್ಳಾಗಿದ್ದರೆ ಅದರ ಸದ್ದೇ ಬೇರೆ. ನಿನ್ನೆ ದಾಟಿದ ಜಾಗವೆಂಬ ಭರವಸೆಯು ಇಲ್ಲಿ ಪ್ರಯೋಜನಕ್ಕೆ ಬಾರದು. ಬೆಳಿಗ್ಗೆ ನಡೆದ ಹಾಸು ಸಂಜೆಗೆ ತೇಲಿಹೋಗಿರುವುದುಂಟು.

ಸ್ಥಳೀಯರ ಚಳಿಗಾಲದ ದಾರಿ

ಝನ್ಸ್ಕಾರಿಗಳು ಈ ದಾರಿಯಲ್ಲಿ ಸಾಗಿಸುತ್ತಿದ್ದ ಸರಕುಗಳಲ್ಲಿ ಮುಖ್ಯವಾದುದು ಬೆಣ್ಣೆ. ಬೇಸಿಗೆಯಲ್ಲಿ ಎತ್ತರದ ಹುಲ್ಲುಗಾವಲುಗಳಲ್ಲಿ ಮೇಯ್ದ ರಾಸುಗಳ ಹಾಲಿನಿಂದ ತೆಗೆದು ಕೂಡಿಟ್ಟ ಬೆಣ್ಣೆಯನ್ನು ಚಳಿಗಾಲದಲ್ಲಿ ಹೊತ್ತು ಲೇಹ್‌ಗೆ ಒಯ್ದು ಮಾರುತ್ತಿದ್ದರು. ಉಪ್ಪು ಬೆರೆಸಿದ ಬೆಣ್ಣೆಯ ಚಹಾ ಲಡಾಖ್‌ನಲ್ಲಿ ನಿತ್ಯದ ಪಾನೀಯವಾದ್ದರಿಂದ ಬೆಣ್ಣೆಗೆ ಅಲ್ಲಿ ಸದಾ ಬೇಡಿಕೆ. ಮರಳುವಾಗ ಮನೆಬಳಕೆಯ ಸಾಮಾನುಗಳನ್ನು ತರುತ್ತಿದ್ದರು. ಹೊರೆಯನ್ನು ಬೆನ್ನ ಮೇಲೆ ಹೊರುವುದಲ್ಲದೆ, ಮರದ ಜಾರುಬಂಡಿಗೆ ಕಟ್ಟಿ ಮಂಜುಗಡ್ಡೆಯ ಮೇಲೆ ಎಳೆಯುವುದೂ ರೂಢಿ. ದಾರಿಯ ಆಹಾರವೆಂದರೆ ತ್ಸಾಂಪಾ, ಅಂದರೆ ಹುರಿದ ಬಾರ್ಲಿಯ ಹಿಟ್ಟು. ನಮ್ಮ ಹುರಿಹಿಟ್ಟಿನಂತೆಯೇ ಇದನ್ನು ಬೇಯಿಸದೆ, ಚಹಾದಲ್ಲಿ ಕಲಸಿ ತಿನ್ನಬಹುದಾದ್ದರಿಂದ ಸೌದೆ ಸಿಗದ ದಾರಿಗೆ ಇದು ಅನುಕೂಲ. ರಾತ್ರಿ ತಂಗಲು ಕಮರಿಯ ಗೋಡೆಗಳಲ್ಲಿರುವ ಗುಹೆಗಳೇ ಆಸರೆ. ಇವುಗಳನ್ನು ‘ಬಾವೊ’ ಎನ್ನುತ್ತಾರೆ. ಹಾಸು ಒಡೆದಾಗ ಮತ್ತೆ ಕಟ್ಟುವವರೆಗೆ ಗುಹೆಯಲ್ಲಿ ಕಾಯುವುದು, ಇಲ್ಲವೇ ಬಂಡೆಗೋಡೆಯನ್ನು ಹತ್ತಿ ಆ ಭಾಗವನ್ನು ಬಳಸಿ ಇಳಿಯುವುದು, ಇವೆರಡೇ ಉಪಾಯಗಳು.

ಮಕ್ಕಳ ವಿದ್ಯಾಭ್ಯಾಸವೂ ಈ ದಾರಿಗೆ ಸೇರಿಕೊಂಡಿದೆ. ಲೇಹ್‌ನ ವಸತಿ ಶಾಲೆಗಳಲ್ಲಿ ಓದುವ ಝನ್ಸ್ಕಾರ್‌ನ ಮಕ್ಕಳು ಚಳಿಗಾಲದ ರಜೆಗೆ ಮನೆಗೆ ಬಂದರೆ, ಮರಳುವಾಗ ತಂದೆಯೊಂದಿಗೆ ಹಾಸಿನ ಮೇಲೆ ನಡೆದೇ ಹೋಗಬೇಕಾಗುತ್ತಿತ್ತು. ಫ್ರೆಂಚ್ ಛಾಯಾಚಿತ್ರಕಾರ ಒಲಿವಿಯೇ ಫೋಲ್ಮಿ ಇಂತಹ ಪ್ರಯಾಣಗಳನ್ನು ಚಿತ್ರಗಳಲ್ಲಿಯೂ ಪುಸ್ತಕಗಳಲ್ಲಿಯೂ ದಾಖಲಿಸಿದ್ದರಿಂದ ಯುರೋಪಿನ ಓದುಗರಿಗೆ ಚಾದರ್ ಪರಿಚಯವಾಯಿತು. 2011ರಲ್ಲಿ ಬಿಬಿಸಿ ಪ್ರಸಾರ ಮಾಡಿದ ‘ಹ್ಯೂಮನ್ ಪ್ಲಾನೆಟ್’ ಸರಣಿಯ ನದಿಗಳ ಕುರಿತ ಕಂತಿನಲ್ಲಿ ಮಕ್ಕಳನ್ನು ಶಾಲೆಗೆ ಕರೆದೊಯ್ಯುವ ತಂದೆಯ ನಡಿಗೆಯನ್ನು ತೋರಿಸಲಾಗಿದೆ. ಪ್ರವಾಸಿಗನಿಗೆ ಜೀವಮಾನದಲ್ಲಿ ಒಮ್ಮೆ ಸಾಕೆನಿಸುವ ಈ ನಡಿಗೆಯು ಆ ಮಕ್ಕಳಿಗೆ ಶಾಲೆ ತೆರೆಯುವ ದಿನದ ಕರ್ತವ್ಯವಾಗಿತ್ತೆಂಬುದನ್ನು ಸಾಹಸ ಪ್ರವಾಸದ ಪ್ರಚಾರಪತ್ರಗಳು ಹೇಳುವುದು ಕಡಿಮೆ.

ಝನ್ಸ್ಕಾರ್‌ನ ಚಳಿಗಾಲ ಹೇಗಿರುತ್ತದೆ ಎಂಬುದಕ್ಕೆ ಹಳೆಯ ದಾಖಲೆಯೊಂದಿದೆ. ಹಂಗೇರಿಯ ವಿದ್ವಾಂಸ ಅಲೆಕ್ಸಾಂಡರ್ ಚೋಮಾ ದ ಕೋರೋಶ್ 1823-24ರಲ್ಲಿ ಇಲ್ಲಿನ ಝಾಂಗ್ಲಾದಲ್ಲಿ ನೆಲೆಸಿ ಲಾಮಾ ಒಬ್ಬರಿಂದ ಟಿಬೆಟನ್ ಭಾಷೆಯನ್ನು ಕಲಿತನು. ಚಳಿಗಾಲದ ಮೂರುನಾಲ್ಕು ತಿಂಗಳು ಗುರುಶಿಷ್ಯರಿಬ್ಬರೂ ಒಬ್ಬ ಸೇವಕನೊಂದಿಗೆ ಒಂಬತ್ತು ಅಡಿ ಉದ್ದಗಲದ ಕೋಣೆಯಿಂದ ಹೊರಬರಲಾಗದೆ ಕಳೆದರೆಂದು ತಿಳಿದುಬರುತ್ತದೆ. ಆ ಕೋಣೆಯಲ್ಲಿ ಆರಂಭವಾದ ಕೆಲಸವು 1834ರಲ್ಲಿ ಕಲ್ಕತ್ತೆಯಲ್ಲಿ ಟಿಬೆಟನ್-ಇಂಗ್ಲಿಷ್ ನಿಘಂಟು ಹಾಗೂ ವ್ಯಾಕರಣವಾಗಿ ಅಚ್ಚಾಯಿತು.

ಚಾರಣ ಮಾರ್ಗ

ಪೂರ್ಣ ಮಾರ್ಗವು ಚಿಲ್ಲಿಂಗ್‌ನಿಂದ ಪದುಮ್‌ವರೆಗೆ ಸುಮಾರು 105 ಕಿ.ಮೀ. ಇದೆ. ಚಿಲ್ಲಿಂಗ್ ತಾಮ್ರ ಮತ್ತು ಹಿತ್ತಾಳೆಯ ಪಾತ್ರೆಗಳನ್ನು ಮಾಡುವ ಕುಶಲಕರ್ಮಿಗಳ ಹಳ್ಳಿ. ಶೇ ಎಂಬಲ್ಲಿನ ಬುದ್ಧನ ಪ್ರತಿಮೆಯನ್ನು ನಿರ್ಮಿಸಲು 17ನೇ ಶತಮಾನದಲ್ಲಿ ನೇಪಾಳದಿಂದ ಕರೆತಂದ ಶಿಲ್ಪಿಗಳ ವಂಶಸ್ಥರು ತಾವೆಂಬುದು ಅವರಲ್ಲಿರುವ ಪ್ರತೀತಿ.

ಇಂದಿನ ಪ್ರವಾಸಿಗರಲ್ಲಿ ಬಹುತೇಕರು ಪದುಮ್ ತಲುಪುವುದಿಲ್ಲ. ಚಿಲ್ಲಿಂಗ್‌ನಿಂದ ಮುಂದೆ ವಾಹನದಲ್ಲಿ ಹೋಗಿ, ತಿಲಾತ್ ಸುಮ್ದೊ, ಶಿಂಗ್ರಾ ಕೋಮಾ, ತಿಬ್ ಎಂಬ ಬೀಡುಗಳ ಮೂಲಕ ನೇರಕ್‌ವರೆಗೆ ನಡೆದು ಅದೇ ದಾರಿಯಲ್ಲಿ ಮರಳುತ್ತಾರೆ. ‘ಸುಮ್ದೊ’ ಎಂದರೆ ನೀರು ಕೂಡುವ ಸ್ಥಳ, ನಮ್ಮ ‘ಸಂಗಮ’ಕ್ಕೆ ಸಮಾನವಾದ ಪದ. ತಿಬ್‌ನಲ್ಲಿ ದೊಡ್ಡ ಗುಹೆಯಿದೆ. ನೇರಕ್ ಬಳಿ ಬಂಡೆಯ ಮೇಲಿನಿಂದ ಧುಮುಕುವ ಜಲಪಾತವು ಧಾರೆಧಾರೆಯಾಗಿ ಹೆಪ್ಪುಗಟ್ಟಿ ನಿಲ್ಲುತ್ತದೆ. ನೇರಕ್ ಹಳ್ಳಿಯು ನದಿಯಿಂದ ಬಹಳ ಮೇಲಿದ್ದು, ಅಲ್ಲಿಗೆ ಕಡಿದಾದ ಏರುದಾರಿಯಲ್ಲಿ ಹತ್ತಬೇಕು.

ನಡಿಗೆಯ ಕ್ರಮವೂ ಬೇರೆ. ಬೆಟ್ಟ ಹತ್ತುವಾಗ ಮಾಡುವಂತೆ ಕಾಲೆತ್ತಿ ಇಟ್ಟರೆ ಜಾರುವುದು ನಿಶ್ಚಿತ. ಪಾದವನ್ನು ನೆಲದಿಂದ ಹೆಚ್ಚು ಎತ್ತದೆ, ಮೊಣಕಾಲನ್ನು ತುಸು ಬಾಗಿಸಿ, ಗಿಡ್ಡ ಹೆಜ್ಜೆಗಳಲ್ಲಿ ಸರಿಯುತ್ತಾ ಸಾಗಬೇಕು. ಮಾರ್ಗದರ್ಶಕರು ಇದನ್ನು ಪೆಂಗ್ವಿನ್ ನಡಿಗೆ ಎನ್ನುತ್ತಾರೆ. ದಾರಿಯಲ್ಲಿ ಹಿಮದ ಮೇಲೆ ನರಿಗಳ ಹೆಜ್ಜೆಗುರುತುಗಳೂ, ಅಪರೂಪಕ್ಕೆ ಹಿಮಚಿರತೆಯ ಹೆಜ್ಜೆಗಳೂ ಕಾಣಸಿಗುತ್ತವೆ. ಮೇಲಿನ ಬಂಡೆಗಳಲ್ಲಿ ಭರಲ್ ಎಂಬ ಕಾಡುಕುರಿಗಳು ಮೇಯುತ್ತವೆ.

ಅಪಾಯಗಳು

ಚಾರಣದ ಮಾರ್ಗವು ಸುಮಾರು 3,200ರಿಂದ 3,400 ಮೀಟರ್ ಎತ್ತರದಲ್ಲಿದೆ. ಪ್ರವಾಸಿಗರು ವಿಮಾನದಿಂದ ಇಳಿಯುವ ಲೇಹ್ ಪಟ್ಟಣವು ಸುಮಾರು 3,500 ಮೀಟರ್ ಎತ್ತರದಲ್ಲಿದೆ, ಅಂದರೆ ಚಾರಣದ ಮಾರ್ಗಕ್ಕಿಂತಲೂ ಮೇಲೆ. ಈ ಅಂಶವನ್ನು ಹಲವರು ಗಮನಿಸುವುದಿಲ್ಲ. ಎತ್ತರದ ಅಸ್ವಸ್ಥತೆಯು ನದಿಯ ಮೇಲೆ ಕಾಲಿಡುವ ಮೊದಲೇ, ಲೇಹ್‌ನ ವಸತಿಗೃಹದಲ್ಲಿಯೇ ಆರಂಭವಾಗಬಹುದು. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯೇ ಸುಮಾರು 1,930 ಮೀಟರ್. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಿಂದ ಹೊರಟು ಅದೇ ದಿನ ಲೇಹ್ ತಲುಪುವವರ ದೇಹವು ಕೆಲವೇ ಗಂಟೆಗಳಲ್ಲಿ ಎರಡೂವರೆ ಸಾವಿರ ಮೀಟರ್‌ಗಳಿಗೂ ಮಿಕ್ಕ ಏರಿಕೆಗೆ ಒಗ್ಗಿಕೊಳ್ಳಬೇಕಾಗುತ್ತದೆ. ಪಶ್ಚಿಮ ಘಟ್ಟಗಳಲ್ಲಿ ಗಳಿಸಿದ ಚಾರಣದ ಅನುಭವವಾಗಲಿ, ದೇಹದಾರ್ಢ್ಯವಾಗಲಿ ಇದರಿಂದ ರಕ್ಷಣೆ ನೀಡುವುದಿಲ್ಲ.

ತಲೆನೋವು, ವಾಕರಿಕೆ, ನಿದ್ರಾಹೀನತೆ, ಆಯಾಸ ಇದರ ಆರಂಭದ ಲಕ್ಷಣಗಳು. ವಿಶ್ರಾಂತಿಯಿಂದ ಇವು ಸಾಮಾನ್ಯವಾಗಿ ಶಮನವಾಗುತ್ತವೆ. ಉಲ್ಬಣಿಸಿದರೆ ಶ್ವಾಸಕೋಶದಲ್ಲಿ ದ್ರವ ತುಂಬಿಕೊಳ್ಳುವುದು ಅಥವಾ ಮೆದುಳು ಊದಿಕೊಳ್ಳುವುದು ಸಂಭವಿಸಿ ಪ್ರಾಣಾಪಾಯ ಒದಗುತ್ತದೆ. ಕುಳಿತಲ್ಲಿಯೇ ಏದುಸಿರು, ತೂರಾಡುವ ನಡಿಗೆ, ಮಾತಿನಲ್ಲಿ ಗೊಂದಲ ಕಂಡುಬಂದರೆ ತಡಮಾಡದೆ ಆಮ್ಲಜನಕ ನೀಡಿ ಕೆಳಗಿನ ಎತ್ತರಕ್ಕೆ ಸಾಗಿಸಬೇಕು. ಚಾದರ್‌ನ ವಿಶೇಷ ತೊಡಕೆಂದರೆ, ಇಲ್ಲಿ ‘ಕೆಳಗೆ’ ಎಂಬ ಸ್ಥಳವೇ ಹತ್ತಿರದಲ್ಲಿಲ್ಲ. ಕಮರಿಯಿಂದ ಹೊರಬಂದರೂ ಸಿಗುವುದು ಲೇಹ್. ಆದ್ದರಿಂದ ಇಲ್ಲಿ ಚಿಕಿತ್ಸೆಗಿಂತ ಮುನ್ನೆಚ್ಚರಿಕೆಗೆ ಮಹತ್ವ ಹೆಚ್ಚು.

ಎರಡನೆಯ ಅಪಾಯ ಚಳಿ. ರಾತ್ರಿಯ ಉಷ್ಣತೆಯು ಶೂನ್ಯಕ್ಕಿಂತ 20ರಿಂದ 30 ಡಿಗ್ರಿ ಸೆಲ್ಸಿಯಸ್ ಕೆಳಗೆ ಇಳಿಯುತ್ತದೆ. ಕಮರಿಯ ಗೋಡೆಗಳು ಎತ್ತರವಾಗಿರುವುದರಿಂದ ಹಗಲಿನಲ್ಲಿಯೂ ಬಿಸಿಲು ಬೀಳುವ ಅವಧಿ ಅತ್ಯಲ್ಪ. ಬೆರಳು, ಮೂಗು, ಕಿವಿಗಳ ಅಂಗಾಂಶಗಳು ಹೆಪ್ಪುಗಟ್ಟಿ ಸಾಯುವ ಹಿಮಕಡಿತವು ನೋವಿಲ್ಲದೆ ಆರಂಭವಾಗುತ್ತದೆ, ಮೊದಲು ಕಾಣುವುದು ಮರಗಟ್ಟಿದ ಬಿಳಿಚಿದ ಚರ್ಮ. ಅಂತಹ ಭಾಗವನ್ನು ಉಜ್ಜುವುದಾಗಲಿ, ನೇರವಾಗಿ ಬೆಂಕಿಗೆ ಒಡ್ಡುವುದಾಗಲಿ ಸಲ್ಲದು. ದೇಹದ ಒಳ ಉಷ್ಣತೆಯು 35 ಡಿಗ್ರಿಗಿಂತ ಕೆಳಗಿಳಿದರೆ ಮೊದಲು ನಡುಕ, ಬಳಿಕ ಜಡತೆ, ಆಮೇಲೆ ವಿವೇಕಹೀನತೆ ಬರುತ್ತದೆ. ನಡುಗುತ್ತಿದ್ದವನು ಚಳಿ ಇನ್ನೂ ಇರುವಾಗಲೇ ನಡುಗುವುದನ್ನು ನಿಲ್ಲಿಸಿದರೆ ಅದನ್ನು ಸುಧಾರಣೆಯೆಂದು ಭಾವಿಸಬಾರದು. ಮುಚ್ಚಿದ ಗುಡಾರದೊಳಗೆ ಒಲೆ ಉರಿಸುವುದರಿಂದ ವಿಷಾನಿಲ ತುಂಬಿ ಮರಣ ಸಂಭವಿಸಬಹುದು.

ಹಾಸು ಒಡೆದು ನೀರಿಗೆ ಬೀಳುವುದು ಎಲ್ಲರೂ ಹೆದರುವ ಅಪಾಯ. ಬಿದ್ದವನನ್ನು ಒಡನೆಯೇ ಎಳೆದು, ಒದ್ದೆ ಬಟ್ಟೆಗಳನ್ನು ಅಲ್ಲಿಯೇ ಕಳಚಿಸಿ, ಒಣಬಟ್ಟೆ ತೊಡಿಸಬೇಕು. ಒಂದು ಜೊತೆ ಉಡುಪನ್ನು ನೀರು ತಾಗದ ಚೀಲದಲ್ಲಿ ಪ್ರತ್ಯೇಕವಾಗಿಡುವುದು ಇದಕ್ಕಾಗಿ. ಹಾಸು ವಿಸ್ತಾರವಾಗಿ ಒಡೆದರೆ ಇಡೀ ಗುಂಪುಗಳೇ ಮುಂದಕ್ಕೂ ಹೋಗಲಾರದೆ ಹಿಂದಕ್ಕೂ ಬರಲಾರದೆ ಸಿಲುಕುತ್ತವೆ. 2020ರ ಜನವರಿಯಲ್ಲಿ ನೇರಕ್ ಬಳಿ ಹೀಗೆ ಸಿಲುಕಿದ ಚಾರಣಿಗರನ್ನು ಹೆಲಿಕಾಪ್ಟರ್‌ಗಳ ಮೂಲಕ ಕರೆತರಲಾಯಿತು.

ಅನುಮತಿ ಮತ್ತು ನಿಯಮಗಳು

ಚಾರಣಿಗರು ಲೇಹ್‌ನಲ್ಲಿ ಕೆಲವು ದಿನ ತಂಗಿ ಹವೆಗೆ ಒಗ್ಗಿಕೊಂಡು, ವೈದ್ಯಕೀಯ ತಪಾಸಣೆಯಲ್ಲಿ ಅರ್ಹರೆಂದು ದೃಢಪಟ್ಟ ನಂತರವೇ ಅನುಮತಿ ದೊರೆಯುತ್ತದೆ. ರಕ್ತದೊತ್ತಡ ಮತ್ತು ರಕ್ತದಲ್ಲಿನ ಆಮ್ಲಜನಕದ ಪ್ರಮಾಣವನ್ನು ಪರೀಕ್ಷಿಸಲಾಗುತ್ತದೆ. ವಿಮೆ ಮತ್ತು ಸ್ಥಳೀಯ ಮಾರ್ಗದರ್ಶಕರ ನೆರವು ಅಗತ್ಯ. ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಹೊರಡುವ ಮೊದಲು ಆ ವರ್ಷದ ಪ್ರಕಟಣೆಯನ್ನು ನೋಡಬೇಕು. ತಪಾಸಣೆಯಲ್ಲಿ ಅನರ್ಹರಾದವರು ಹಣ ವ್ಯರ್ಥವಾಯಿತೆಂದು ವಾದಿಸುವುದುಂಟು. ಮೇಲೆ ಹೇಳಿದ ಭೂಸ್ಥಿತಿಯನ್ನು ನೆನೆದರೆ ಈ ತಪಾಸಣೆಯು ಕಾಟಾಚಾರವಲ್ಲವೆಂಬುದು ವಿದಿತವಾಗುತ್ತದೆ.

ಹೊರೆ ಎಳೆಯುವವರು, ಅಡುಗೆಯವರು, ಮಾರ್ಗದರ್ಶಕರು ಬಹುಪಾಲು ಝನ್ಸ್ಕಾರ್ ಹಾಗೂ ಸುತ್ತಣ ಹಳ್ಳಿಗಳವರು. ಬೇರೆ ದುಡಿಮೆಯಿಲ್ಲದ ಚಳಿಗಾಲದಲ್ಲಿ ಇದು ಅವರಿಗೆ ನಗದು ವರಮಾನ ತರುತ್ತದೆ. ಇನ್ನೊಂದೆಡೆ, ಜನಸಂದಣಿ ಹೆಚ್ಚಿದಂತೆ ಗುಹೆಗಳ ಸುತ್ತ ಪ್ಲಾಸ್ಟಿಕ್ ಕಸ ಮತ್ತು ಮಲಮೂತ್ರ ಸೇರುತ್ತಿದೆ. ವಸಂತದಲ್ಲಿ ಹಾಸು ಕರಗಿದಾಗ ಇವೆಲ್ಲವೂ ನದಿಯ ಪಾಲಾಗುತ್ತವೆ. ನೀರಿನೊಡನೆ ತೇಲಿಬಂದು ದಡ ಸೇರಿದ ಕಟ್ಟಿಗೆಯನ್ನು ತಲೆತಲಾಂತರದಿಂದ ದಾರಿಹೋಕರು ಮಿತವಾಗಿ ಉರಿಸುತ್ತಿದ್ದರು. ಮರಗಳೇ ವಿರಳವಾದ ಈ ನಾಡಿನಲ್ಲಿ ಪ್ರವಾಸಿಗರ ಶಿಬಿರಾಗ್ನಿಗೆ ಅದು ಸಾಲದು.

2014ರ ಭೂಕುಸಿತ

2014ರ ಡಿಸೆಂಬರ್ 31ರಂದು ಫುಕ್ತಾಲ್ ಸಮೀಪ ಗುಡ್ಡವೊಂದು ಕುಸಿದು ತ್ಸಾರಾಪ್ ಕವಲಿಗೆ ಅಡ್ಡಲಾಗಿ ಬಿದ್ದಿತು. ಅದರ ಹಿಂದೆ ನೀರು ನಿಂತು ಹಲವು ಕಿಲೋಮೀಟರ್ ಉದ್ದದ ಸರೋವರ ನಿರ್ಮಾಣವಾಯಿತು. ಮಣ್ಣಿನ ಕಟ್ಟೆ ಯಾವಾಗ ಒಡೆಯುವುದೋ ತಿಳಿಯದಿದ್ದುದರಿಂದ 2015ರ ಚಳಿಗಾಲದಲ್ಲಿ ಚಾದರ್ ಚಾರಣವನ್ನು ನಿಷೇಧಿಸಲಾಯಿತು. ತಜ್ಞರು ನೀರನ್ನು ನಿಯಂತ್ರಿತವಾಗಿ ಹೊರಬಿಡಲು ಪ್ರಯತ್ನಿಸಿದರು. ಆದರೂ ಮೇ 7ರಂದು ಕಟ್ಟೆ ಒಡೆದು, ಪ್ರವಾಹವು ಹಲವು ಸೇತುವೆಗಳನ್ನು ಕೊಚ್ಚಿಕೊಂಡು ಹೋಯಿತು. ಮುನ್ನೆಚ್ಚರಿಕೆ ನೀಡಲಾಗಿದ್ದ ಕಾರಣ ಜೀವಹಾನಿಯಾಗಲಿಲ್ಲ.

ರಸ್ತೆ ಮತ್ತು ಚಾದರ್‌ನ ಭವಿಷ್ಯ

ಕಮರಿಯ ಗೋಡೆಯನ್ನು ಕೊರೆದು ನಿಮ್ಮುವಿನಿಂದ ಪದುಮ್‌ಗೆ ರಸ್ತೆ ನಿರ್ಮಿಸುವ ಕಾರ್ಯವನ್ನು ಗಡಿ ರಸ್ತೆಗಳ ಸಂಸ್ಥೆಯು ಬಹಳ ವರ್ಷಗಳ ಕಾಲ ನಡೆಸಿತು. ಪದುಮ್‌ನಿಂದ ಮುಂದೆ ಈ ರಸ್ತೆಯು ಶಿಂಕು ಲಾ ಕಣಿವೆದಾರಿಯನ್ನು ದಾಟಿ ಹಿಮಾಚಲ ಪ್ರದೇಶದ ದಾರ್ಚಾವನ್ನು ಸೇರುತ್ತದೆ. ಒಟ್ಟು 298 ಕಿ.ಮೀ. ಉದ್ದದ ನಿಮ್ಮು-ಪದುಮ್-ದಾರ್ಚಾ ಸಂಪರ್ಕವು 2024ರ ಮಾರ್ಚ್ ತಿಂಗಳಲ್ಲಿ ಪೂರ್ಣಗೊಂಡಿತು. ಶಿಂಕು ಲಾ ಕೆಳಗೆ 4.1 ಕಿ.ಮೀ. ಉದ್ದದ ಸುರಂಗವನ್ನು ಕೊರೆಯುವ ಕಾರ್ಯಕ್ಕೆ ಅದೇ ವರ್ಷದ ಜುಲೈ 26ರಂದು ಚಾಲನೆ ನೀಡಲಾಯಿತು. ಝನ್ಸ್ಕಾರ್ ಅನ್ನು ಪ್ರತ್ಯೇಕ ಜಿಲ್ಲೆಯನ್ನಾಗಿ ಮಾಡುವ ನಿರ್ಧಾರವನ್ನು ಕೇಂದ್ರ ಸರ್ಕಾರವು 2024ರ ಆಗಸ್ಟ್‌ನಲ್ಲಿ ಪ್ರಕಟಿಸಿತು.

ರಸ್ತೆಯ ಕೆಲಸ ಮುಂದುವರಿದಂತೆ ಚಾರಣದ ಆರಂಭದ ಸ್ಥಳವು ಕಮರಿಯ ಒಳಭಾಗಕ್ಕೆ ಸರಿಯುತ್ತಾ, ಮಂಜುಗಡ್ಡೆಯ ಮೇಲಿನ ನಡಿಗೆ ಮೊಟಕಾಗುತ್ತಾ ಬಂದಿದೆ. ರಸ್ತೆಯಿಂದ ಚಾದರ್ ನಾಶವಾಗುವುದೆಂದು ಹೊರಗಿನ ಸಾಹಸಪ್ರಿಯರು ಮರುಗುವುದುಂಟು. ಕಣಿವೆಯ ನಿವಾಸಿಗಳ ದೃಷ್ಟಿಯಲ್ಲಿ ಲೆಕ್ಕ ಬೇರೆ. ಹೆರಿಗೆಯ ತೊಡಕಾಗಲಿ, ಮಗುವಿನ ಜ್ವರವಾಗಲಿ, ಹಾಸು ಕಟ್ಟುವವರೆಗೆ ಕಾಯುವುದಿಲ್ಲ. ಜಾರುಬಂಡಿಗೆ ಕಟ್ಟಿ ದಿನಗಟ್ಟಲೆ ಎಳೆಯುವ ಬದಲು ರೋಗಿಯನ್ನು ವಾಹನದಲ್ಲಿ ಲೇಹ್‌ಗೆ ಒಯ್ಯಬಹುದೆಂಬುದು ಅವರಿಗೆ ಮೊದಲ ಮಾತು. ಅದರೊಡನೆಯೇ, ಕೋಲಿನ ಸದ್ದಿನಿಂದ ಮಂಜುಗಡ್ಡೆಯನ್ನು ಅಳೆಯುವ ವಿದ್ಯೆಯು ಮನೆಯ ಅಗತ್ಯದಿಂದ ಕಳಚಿಕೊಂಡು ಪ್ರವಾಸೋದ್ಯಮದ ಕಸುಬಾಗುತ್ತಿದೆ. ರಸ್ತೆ ತಲುಪದ ಹಳ್ಳಿಗಳ ಜನರು ಇಂದಿಗೂ ಚಳಿಗಾಲದಲ್ಲಿ ನದಿಗೆ ಇಳಿದು, ಹಾಸು ಇರುವಷ್ಟು ದೂರ ಅದರ ಮೇಲೆ ನಡೆದು, ಬಳಿಕ ರಸ್ತೆಯನ್ನು ಸೇರಿಕೊಳ್ಳುತ್ತಾರೆ.